ಬಲಗೈ ತೋರುಬೆರಳು

"ಅಯ್ಯೋ... ಕಚ್ಚಿಬಿಟ್ರಲ್ರೀ!"

ಹಲ್ಲಿನ ಕ್ಲಿನಿಕ್ಕಿನ ಕುರ್ಚಿಯ ಪಕ್ಕದಲ್ಲಿ ಸಹಾಯಕಿ ಹುಡುಗಿ ಕೈ ಕೊಡವುತ್ತ ನಿಂತಿದ್ದಳು. ಗ್ಲೌಸ್ ಹರಿದು, ಬಲಗೈ ತೋರುಬೆರಳಿನ ತುದಿಯಲ್ಲಿ ರಕ್ತ ಜಿನುಗುತ್ತಿತ್ತು.

ಕುರ್ಚಿಯಲ್ಲಿದ್ದ ಲಿಫ್ಟ್ ಮೆಕ್ಯಾನಿಕ್ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡ. ದವಡೆ ನೋವಿಗೆ ಮೂರು ದಿನ ನಿದ್ದೆಗೆಟ್ಟಿದ್ದ. ಅವಳು ನೋವಿನ ಜಾಗ ಮುಟ್ಟಿದ್ದೇ ತಡ, ಗಬಕ್ಕನೆ ಕಚ್ಚಿದ್ದ.

"ಸಾರಿ ರೀ... ಬೇಕೂಂತ ಮಾಡಿದ್ದಲ್ಲ!"

"ಹಲ್ಲು ತೋರಿಸೋಕೆ ಬಂದೋರು ಇಷ್ಟು ಚೆನ್ನಾಗಿ ತೋರಿಸ್ಬೇಕಾ?"

ಹಲ್ಲಿನ ಡಾಕ್ಟರ್ ಮೇಡಂ ಕೂಡ ನಕ್ಕರು. ಆಗಲೇ ಅವಳಿಗೆ ಅವನ ತುಟಿಯ ಮೂಲೆ ಕಂಡಿದ್ದು.

"ಇದೇನು ಗುಳ್ಳೆ?"

"ಬಿಸಿ ಟೀ... ಸುಟ್ಕೊಂಡೆ."

ಸುಳ್ಳು! ವರ್ಷಕ್ಕೆ ಎರಡು ಸಲ ತಾನಾಗಿ ಏಳುವ ಗುಳ್ಳೆಯದು. ಹೇಳಿದರೆ ಹಲ್ಲು ಮುಟ್ಟದೆ ಸಾಗಹಾಕುತ್ತಾರೆಂದು ಅವನಿಗೆ ಭಯ. ಇಷ್ಟು ಸಣ್ಣ ಸುಳ್ಳಿಗೆ ಯಾರಪ್ಪನ ಗಂಟು ಹೋಗುತ್ತದೆ ಅಂದುಕೊಂಡ.

ಮರುದಿನ ಕ್ಷಮೆ ಕೇಳಲು ಬಂದ. ಅದರ ಮರುದಿನ ಹಲ್ಲುನೋವಿನ ನೆಪ. ನಾಲ್ಕನೇ ದಿನ ನೆಪವೂ ಇರಲಿಲ್ಲ! ಕ್ಲಿನಿಕ್ ಮುಚ್ಚುವ ಹೊತ್ತಿಗೆ ಗೇಟಿನ ಬಳಿ ಸುಮ್ಮನೆ ನಿಂತಿದ್ದವನನ್ನು ಕಂಡು ಅವಳ ಎದೆ ಡವಗುಟ್ಟಿತು.

ಐದನೇ ದಿನ ಬೆರಳು ಊದಿಕೊಂಡಿತು.

"ಉಗುರುಸುತ್ತು ಅಷ್ಟೇ. ಕೀವು ತೆಗೆದ್ರೆ ಸರಿಹೋಗುತ್ತೆ" ಎಂದು ಮೇಡಂ ಬ್ಲೇಡ್ ಹಾಕಿ ಕುಯ್ದೇಬಿಟ್ಟರು. ಕೀವು ಬರಲಿಲ್ಲ, ತಿಳಿನೀರು ಬಂತು. ಎರಡೇ ದಿನಕ್ಕೆ ಬೆರಳ ತುಂಬ ಸಣ್ಣ ಸಣ್ಣ ಗುಳ್ಳೆ. ನೋವು ತಡೆಯಲಾಗದೆ ಅವಳು ದಿಂಬು ಕಚ್ಚಿಕೊಂಡು ಅತ್ತಳು.

ದೊಡ್ಡಾಸ್ಪತ್ರೆಯ ಚರ್ಮದ ಡಾಕ್ಟರು ಪರೀಕ್ಷೆ ಮಾಡಿಸಿ, ವರದಿ ನೋಡಿ ಹಣೆ ಚಚ್ಚಿಕೊಂಡರು.

"ಇದನ್ನ ಕುಯ್ಯಲೇಬಾರದಿತ್ತಮ್ಮ! ಇದು ಹರ್ಪಿಸ್. ತುಟಿಗುಳ್ಳೆ ಇದ್ದೋರ ಬಾಯಿಂದ ಬಂದಿರುತ್ತೆ. ಚಿಕನ್ ಪಾಕ್ಸ್, ಸರ್ಪಸುತ್ತು ತರೋ ವೈರಸ್ಸು ಇದರ ದಾಯಾದಿನೇ. ಒಳಗೆ ಬಂತೂಂದ್ರೆ ನರದಲ್ಲಿ ಮನೆ ಮಾಡ್ಕೊಂಡು ಕೂತುಬಿಡುತ್ತೆ. ಬಾಡಿಗೆ ಕೊಡಲ್ಲ, ಖಾಲಿನೂ ಮಾಡಲ್ಲ."

"ಯಾರಿಂದ ಬಂತು ಡಾಕ್ಟ್ರೇ?"

"ದಿನಕ್ಕೆ ಇಪ್ಪತ್ತು ಬಾಯಿಗೆ ಕೈ ಹಾಕ್ತೀಯ. ಯಾರೂಂತ ಹುಡುಕೋದು? ಹೆದರ್ಬೇಡ. ಗುಳ್ಳೆ ಎದ್ದಾಗ ಯಾರನ್ನೂ ಮುಟ್ಬೇಡ. ವಾಸಿಯಾದ್ಮೇಲೆ ಎಲ್ಲರ ಥರ ಇರು."

ಎಲ್ಲರ ಥರ! ಹಾಗಿರಲು ಬಿಡುವವರು ಯಾರು?

ವರದಿ ನೋಡಿದ ಮೇಡಂ, ಕಾಯುತ್ತ ಕೂತಿದ್ದ ಏಳೆಂಟು ರೋಗಿಗಳ ಎದುರೇ ಕೂಗಾಡಿದರು. "ಹರ್ಪಿಸ್ಸಾ? ಇದೆಲ್ಲ ಎಲ್ಲೆಲ್ಲಿ ತಿರುಗಿದ್ರೆ ಬರುತ್ತೆ ಅಂತ ನಂಗೊತ್ತಿಲ್ವಾ? ಮದುವೆ ಆಗದಿರೋ ಹುಡುಗಿ... ಛೀ! ನಾಳೆಯಿಂದ ಬರ್ಬೇಡ."

ಮೇಡಂಗೆ ಸತ್ಯ ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ತಾವು ಬ್ಲೇಡ್ ಹಾಕಿದ ಸುದ್ದಿ ಹೊರಗೆ ಬರಬಾರದಿತ್ತು, ಅಷ್ಟೆ. ಅವಳು ಹೊರಗೆ ನಡೆಯುವಾಗ ರೋಗಿಗಳು ಕಾಲು ಮಡಚಿಕೊಂಡು ದಾರಿ ಬಿಟ್ಟರು.

ಸುದ್ದಿ ಅವಳಿಗಿಂತ ಮೊದಲೇ ಮನೆ ಮುಟ್ಟಿತ್ತು. ಅಣ್ಣ ಮಾತು ಬಿಟ್ಟ. ಅತ್ತಿಗೆ ತಟ್ಟೆ, ಲೋಟ, ಟವೆಲ್ಲು ಎಲ್ಲ ಬೇರೆ ಮಾಡಿದಳು. ಬೆರಳು ವಾಸಿಯಾದ ಮೇಲೂ ಅವು ಒಂದಾಗಲಿಲ್ಲ. ಮೂರು ವರ್ಷದ ಪಾಪು "ಅತ್ತೇ, ಎತ್ಕೋ!" ಎಂದು ಓಡಿಬಂದರೆ ಅತ್ತಿಗೆ ರಪ್ಪನೆ ಎಳೆದುಕೊಂಡಳು.

"ಮುಟ್ಬೇಡ ಮಗೂನ! ಯಾರ ಜೊತೆ ಮಲಗಿ ತಂದ್ಯೋ ಏನೋ."

ಅವಳ ಕಣ್ಣೀರೂ ಅವತ್ತೇ ಬತ್ತಿಹೋಯಿತು.

ಪಾರ್ಕಿನ ಬೆಂಚಿನಲ್ಲಿ ಆ ಮೆಕ್ಯಾನಿಕ್ಕನ ಪಕ್ಕ ಕೂತು ಎಲ್ಲವನ್ನೂ ಹೇಳಿದಳು. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ.

"ಒಂದು ಕೇಳ್ಲಾ? ಅವತ್ತು ನಿಮ್ಮ ತುಟಿಗೆ ಆಗಿದ್ದು... ಸುಟ್ಟಿದ್ದೇ ತಾನೇ?"

'ಹೌದು, ನನ್ನಿಂದಲೇ' ಎಂದು ಅವನು ಹೇಳಲಿ ಎಂದು ಅವಳ ಮನಸ್ಸು ಬೇಡುತ್ತಿತ್ತು. ಆ ಒಂದು ಮಾತು ಸಿಕ್ಕಿದ್ದರೆ ಇಡೀ ಊರಿಗೆ ತಲೆ ಎತ್ತಿ ಉತ್ತರ ಕೊಡುತ್ತಿದ್ದಳು!

'ಹೇಳಿಬಿಡು...' ಅವನ ಎದೆ ಬಡಿದುಕೊಂಡಿತು. 'ಹೇಳಿದರೆ ಎದ್ದು ಹೋಗುತ್ತಾಳೆ...'

"ಹೂಂ. ಟೀ ಸುಟ್ಟಿದ್ದೇ" ಎಂದ. ಮರುಕ್ಷಣವೇ ತಡವರಿಸಿದ. "ನಾನು... ನಾನು ನಿನ್ನ ಮದುವೆ ಆಗ್ತೀನಿ."

ಲೋಕವೆಲ್ಲ ಥೂ ಎಂದವಳನ್ನು ಇವನೊಬ್ಬ ಬೇಕು ಎಂದನಲ್ಲ! ಅವಳು ಅಲ್ಲೇ, ಓಡಾಡುವವರ ಮುಂದೆ, ಅವನಿಗೆ ಎರಡೂ ಕೈ ಮುಗಿದುಬಿಟ್ಟಳು. ಅವನು ತಡೆಯಲಿಲ್ಲ.

"ಇಂಥೋಳನ್ನ ಕಟ್ಕೊಳ್ತಿದೀಯಲ್ಲಪ್ಪಾ, ದೇವರಂಥೋನು ನೀನು" ಎಂದ ಅಣ್ಣ. ದೇವರಂಥವನು ತಲೆ ತಗ್ಗಿಸಿ ಕಾಫಿ ಕುಡಿದ.

ನಾಲ್ಕು ತಿಂಗಳು ಅವಳು ಆ ಋಣ ಹೊತ್ತಳು. ಅವನು ಭೇಟಿಗೆ ತಡವಾಗಿ ಬಂದರೂ ಮಾತಾಡಲಿಲ್ಲ, ರೇಗಿದರೂ ಎದುರಾಡಲಿಲ್ಲ. 'ನನ್ನಂಥವಳಿಗೆ ಇಷ್ಟು ಸಿಕ್ಕಿದ್ದೇ ಹೆಚ್ಚು' ಎಂದು ತನಗೆ ತಾನೇ ಹೇಳಿಕೊಂಡಳು.

ಮದುವೆಗೆ ಒಂದು ವಾರವಿತ್ತು. ಸೀರೆ ತರಲು ಬಟ್ಟೆ ಅಂಗಡಿಗೆ ಬಂದವನು ಕರ್ಚೀಫಿನಿಂದ ಬಾಯಿ ಮುಚ್ಚಿಕೊಂಡೇ ಇದ್ದ. ಅಂಗಡಿಯ ಮೆಟ್ಟಿಲ ಮೇಲೆ ಅವಳು ಅವನ ಕೈ ಸರಿಸಿದಳು.

ಅದೇ ಮೂಲೆ. ನೀರು ತುಂಬಿದ, ಒತ್ತೊತ್ತಾದ ಸಣ್ಣ ಗುಳ್ಳೆಗಳು. ತನ್ನ ಬೆರಳಿನ ಮೇಲೆ ಇಂಥವನ್ನೇ ಎರಡು ವಾರ ಎಣಿಸಿದ್ದಳು.

"ಇವತ್ತೂ ಟೀನಾ?"

ಅವನು ಮೆಟ್ಟಿಲ ಮೇಲೆ ಕುಸಿದು ಕೂತ. "ನನ್ನಿಂದಲೇ ಬಂದಿದ್ದು... ಪಾರ್ಕಲ್ಲಿ ನೀನು ಕೇಳಿದಾಗಲೇ ಗೊತ್ತಿತ್ತು."

"ಕಾಯಿಲೆ ಕೊಟ್ರಿ ಅಂತ ಕೋಪ ಇಲ್ಲ ನಂಗೆ. ಅದು ಯಾರಿಂದ ಯಾರಿಗೆ ಬೇಕಾದ್ರೂ ಬರುತ್ತೆ." ಎಂದಳು. "ಕೈ ಮುಗಿಸ್ಕೊಂಡ್ರಲ್ಲ... ನಾಲ್ಕು ತಿಂಗಳು! ನಾನು ಕೆಟ್ಟೋಳು ಅಂತ ನನಗೇ ನಂಬಿಕೆ ಬಂದುಬಿಟ್ಟಿತ್ತು ಕಣ್ರೀ!"

"ನಿನ್ನ ಕಳ್ಕೊಳ್ತೀನೇನೋ ಅಂತ ಹೆದರಿದೆ..."

"ನಾನು ಎಲ್ಲಾನೂ ಕಳ್ಕೊಂಡೆ. ನೀವು ನೋಡ್ತಾ ಕೂತಿದ್ರಿ."

ಅವನು ಕೇಳಿಸದಷ್ಟು ಮೆಲ್ಲಗೆ ಕೇಳಿದ. "ಬಿಟ್ಟು ಹೋಗ್ತೀಯಾ?"

ದ್ವೇಷಿಸಬೇಕು ಅಂದುಕೊಂಡಳು. ಆಗಲಿಲ್ಲ. ಅದೇ ಅವಳಿಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಟ್ಟಿತು.

"ಬಿಡೋಕೆ ಆಗ್ತಿಲ್ವಲ್ಲ... ಅದಕ್ಕೇ ಇಷ್ಟು ಉರೀತಿರೋದು! ಏಳಿ. ಮೊದಲು ಮೇಡಂ ಕ್ಲಿನಿಕ್ಕು. ಆಮೇಲೆ ನಮ್ಮನೆ. ನಂಗೆ ಹೇಳಿದ್ದನ್ನ ಅವರಿಗೆಲ್ಲ ಹೇಳಿ."

"ಈಗಲೇನಾ? ಈ ಹೊತ್ತಲ್ಲಿ ಕ್ಲಿನಿಕ್ ತುಂಬ ಜನ ಇರ್ತಾರೆ..."

"ನನ್ನ ಮಾನ ಹೋದಾಗಲೂ ಇದ್ರು."

ಅವನು ಎದ್ದ. ಎರಡು ಹೆಜ್ಜೆ ನಡೆದು ನಿಂತ. ಕೈ ಚಾಚಿದ.

"ಹಿಡ್ಕೊಳ್ತೀಯಾ? ಕಾಲೇ ಬರ್ತಿಲ್ಲ..."

ಅವಳು ಆ ಕೈಯನ್ನು ನೋಡಿದಳು. ಕಣ್ಣು ತುಂಬಿ ಬಂತು.

"ಹೋಗ್ತಾ ಅಲ್ಲ" ಎಂದಳು. "ವಾಪಸ್ ಬರ್ತಾ ಹಿಡ್ಕೊಳ್ತೀನಿ."