ಬೆಣ್ಣೆ ಹಚ್ಚಿದ ಬೆಲ್ಟು

"ಹಿಡೀರಿ! ನನ್ನ ಬೆಲ್ಟು! ಯಾರಾದ್ರೂ ಹಿಡೀರಿ ಅದನ್ನ!"

ಅತ್ತೆ ಬೀದಿಯುದ್ದಕ್ಕೂ ಕೂಗುತ್ತಾ ಓಡುತ್ತಿದ್ದಳು. ತಲೆಯ ಮೇಲೆ ಹಿತ್ತಾಳೆಯ ಶಿರಸ್ತ್ರಾಣ, ಮೈಮೇಲೆ ಫಳಫಳ ಗುಂಡಿಗಳ ಕೆಂಪು ಕೋಟು, ಕೆಳಗೆ ಮಾತ್ರ ಹೂವಿನ ಪೈಜಾಮ! ಅವಳ ಮುಂದೆ ಟೈಲರ್ ಅಂಕಲ್ ನಾಯಿ 'ಕತ್ತರಿ', ಚರ್ಮದ ಬೆಲ್ಟು ಕಚ್ಚಿಕೊಂಡು ಬಾಣದಂತೆ ಹೋಗುತ್ತಿತ್ತು. ಅವಳ ಹಿಂದೆ ಬುಗುರಿ.

ಆ ಹತ್ತು ವರ್ಷದ ಹುಡುಗಿ ಕೂತಲ್ಲಿ ಕೂರುವವಳಲ್ಲ. ಅದಕ್ಕೇ ಮನೆಯವರು ಅವಳಿಗೆ ಬುಗುರಿ ಎಂದು ಹೆಸರಿಟ್ಟಿದ್ದರು. ನಗಬಾರದೆಂದು ಬಾಯಿ ಮುಚ್ಚಿಕೊಂಡೇ ಓಡುತ್ತಿದ್ದಳು. ನಗು ಮೂಗಿನಿಂದ ಪುಸಕ್ಕೆಂದು ಬರುತ್ತಿತ್ತು.

ಅತ್ತೆಗೆ ವಾರವೆಲ್ಲ ಲೈಬ್ರರಿಯಲ್ಲಿ ಕೆಲಸ. ರಜೆ ಬಂದರೆ ಅವಳು ಹಳೇ ಕಾಲದ ಸಿಪಾಯಿ. ಇನ್ನೂರು ವರ್ಷದ ಹಿಂದಿನ ಯುದ್ಧವೊಂದನ್ನು ಮೈದಾನದಲ್ಲಿ ಆಡಿ ತೋರಿಸುವ ತಂಡದಲ್ಲಿ ಅವಳಿದ್ದಳು. ಇವತ್ತು ಹನ್ನೊಂದಕ್ಕೆ ಪ್ರದರ್ಶನ. ಅದಕ್ಕೆ ಮೊದಲು ಕ್ಯಾಪ್ಟನ್ ಎಲ್ಲರ ಡ್ರೆಸ್ ಚೆಕ್ ಮಾಡುತ್ತಾರೆ. ಹಿತ್ತಾಳೆ ಮಸುಕಾಗಿದ್ದರೆ, ಚರ್ಮ ಹಾಳಾಗಿದ್ದರೆ ಹಿಂದಿನ ಸಾಲೇ ಗತಿ. ಮೂರು ವರ್ಷದಿಂದ ಹಿಂದಿನ ಸಾಲಿನಲ್ಲೇ ನಿಂತಿದ್ದ ಅತ್ತೆಗೆ ಇವತ್ತು ಮೊದಲ ಸಲ ಮುಂದೆ ನಿಂತು ಬಾವುಟ ಹಿಡಿಯುವ ಅವಕಾಶ ಸಿಕ್ಕಿತ್ತು.

ಬೆಳಿಗ್ಗೆ ಎಲ್ಲ ಚೆನ್ನಾಗಿಯೇ ಇತ್ತು. "ಬಕಲ್ ಉಜ್ಜುವಾಗ ಕೆಳಗೆ ಒಂದು ರಟ್ಟು ಇಟ್ಕೋ. ಹಿತ್ತಾಳೆ ಪಾಲಿಶ್ ಚರ್ಮಕ್ಕೆ ತಾಗಿದ್ರೆ ಕಲೆ ಬೀಳುತ್ತೆ" ಎಂದು ಹೇಳಿ ಅತ್ತೆ ಸ್ನಾನಕ್ಕೆ ಹೋದಳು. ಬುಗುರಿ ಹಾಗೇ ಮಾಡಿದಳು. ಬಕಲ್‌ನಲ್ಲಿ ಅವಳ ಹಲ್ಲೂ ಕಂಡಿತು! ಬೆಲ್ಟಿಗೂ ಹೊಳಪು ಕೊಟ್ಟು ಅತ್ತೆಗೆ ಸರ್‌ಪ್ರೈಸ್ ಮಾಡೋಣವೆಂದರೆ, ಚರ್ಮಕ್ಕೆ ಹಚ್ಚುವ ಮೇಣದ ಡಬ್ಬಿ ಖಾಲಿ. ಫ್ರಿಜ್‌ನಲ್ಲಿ ಬೆಣ್ಣೆ ಇತ್ತು. ಬುಗುರಿ ಧಾರಾಳವಾಗಿ ಹಚ್ಚಿದಳು. ಒಣಗಲಿ ಎಂದು ಕಿಟಕಿಗೆ ನೇತುಹಾಕಿದಳು.

ಕತ್ತರಿಯ ಮೂಗು ಅದನ್ನು ಎರಡೇ ನಿಮಿಷದಲ್ಲಿ ಪತ್ತೆಹಚ್ಚಿತು.

ಓಡಿ ಓಡಿ ಕತ್ತರಿ ಟೈಲರ್ ಅಂಗಡಿಗೇ ನುಗ್ಗಿ ಮೇಜಿನ ಕೆಳಗೆ ಕೂತಿತು. ಟೈಲರ್ ಅಂಕಲ್ ನೆಲಕ್ಕೆ ಬೋರಲು ಬಿದ್ದು ಬೆಲ್ಟು ಎಳೆದರು. ನಾಯಿಯೂ ಅದರ ಜೊತೆಗೇ ಬಂತು!

ಬಿಡಿಸಿ ನೋಡಿದರೆ ಬೆಲ್ಟಿನ ಮೇಲೆ ಎಂಟು ಹಲ್ಲಿನ ಗುರುತು.

ಅತ್ತೆ ಅದನ್ನು ಮೂಸಿದಳು. "ಬೆಣ್ಣೆನಾ?"

ಬುಗುರಿಯ ನಗು ಅಲ್ಲೇ ನಿಂತಿತು. "ಡಬ್ಬಿ ಖಾಲಿ ಇತ್ತು, ಅತ್ತೆ..."

ಅತ್ತೆ ಬೈಯಲಿಲ್ಲ. ಶಿರಸ್ತ್ರಾಣ ತೆಗೆದು ತೊಡೆಯ ಮೇಲಿಟ್ಟುಕೊಂಡು ಸ್ಟೂಲಿನ ಮೇಲೆ ಕೂತಳು. ಬೈದಿದ್ದರೇ ಚೆನ್ನಾಗಿತ್ತು ಎನಿಸಿತು ಬುಗುರಿಗೆ.

"ದಾರಕ್ಕೆ ಸವರೋ ಜೇನುಮೇಣ ಇದೆ, ಆಗುತ್ತಾ ನೋಡಮ್ಮ" ಎಂದರು ಟೈಲರ್ ಅಂಕಲ್.

ಬುಗುರಿ ಬೆಣ್ಣೆಯನ್ನೆಲ್ಲ ಬಟ್ಟೆಯಿಂದ ಒರೆಸಿದಳು. ಆಮೇಲೆ ತೆಳ್ಳಗೆ ಮೇಣ ಸವರಿ, ಕೈ ನೋಯುವ ತನಕ ಉಜ್ಜಿದಳು. ಹೊಳಪೇನೋ ಬಂತು. ಹಲ್ಲಿನ ಗುರುತು ಹೋಗಲಿಲ್ಲ.

ಮೈದಾನದಲ್ಲಿ ಕ್ಯಾಪ್ಟನ್ ಸಾಲಿನುದ್ದಕ್ಕೂ ಬಂದರು. ಅವರು ನಿಜಕ್ಕೂ ಹಲ್ಲಿನ ಡಾಕ್ಟರು. ಅತ್ತೆಯ ಬೆಲ್ಟಿನ ಮುಂದೆ ಬಗ್ಗಿ, ಕನ್ನಡಕ ಏರಿಸಿದರು.

"ಮೇಲಿನ ದವಡೆ. ಎರಡು ಕೋರೆಹಲ್ಲು. ಯಾರದ್ದಿದು?"

"ನಂದೇ ತಪ್ಪು ಸರ್..." ಅತ್ತೆ ಶುರುಮಾಡಿದಳು.

"ಅಲ್ಲ, ನಂದು!" ನೋಡುಗರ ಮುಂದೆ ಕಟ್ಟಿದ್ದ ಹಗ್ಗದಡಿ ನುಸುಳಿ ಬುಗುರಿ ಓಡಿ ಬಂದಳು. "ಹಲ್ಲು ನಾಯೀದು, ಬೆಣ್ಣೆ ಹಚ್ಚಿದ್ದು ನಾನು. ಅತ್ತೇನ ಹಿಂದೆ ಕಳಿಸ್ಬೇಡಿ ಸರ್!"

ಕ್ಯಾಪ್ಟನ್ ಮೀಸೆ ಅದುರಿತು. "ನಂಗೆ ಬೆಣ್ಣೆ ಹಚ್ಚೋರನ್ನ ನೋಡಿದ್ದೀನಿ. ಬೆಲ್ಟಿಗೆ ಹಚ್ಚಿದವಳನ್ನ ಇವತ್ತೇ ನೋಡಿದ್ದು!"

ಇಡೀ ಸೈನ್ಯ ಗೊಳ್ಳೆಂದಿತು. ಕ್ಯಾಪ್ಟನ್ ತಮ್ಮ ಬೆಲ್ಟಿನ ತುದಿ ತಿರುಗಿಸಿ ಮೆಲ್ಲಗೆ ತೋರಿಸಿದರು. ಅಲ್ಲಿ ಇಸ್ತ್ರಿಪೆಟ್ಟಿಗೆಯ ಮೂತಿಯಷ್ಟೇ ಚೂಪಾದ ಕಪ್ಪು ಕಲೆ.

"ಒದ್ದೆಯಾಗಿತ್ತು. ಬೇಗ ಒಣಗ್ಲಿ ಅಂತ..." ಎಂದು ಪಿಸುಗುಟ್ಟಿ, ಗಂಟಲು ಸರಿಮಾಡಿಕೊಂಡು ಕೂಗಿದರು: "ಚರ್ಮಕ್ಕೆ ಮೇಣ ಚೆನ್ನಾಗಿ ಹಿಡಿದಿದೆ. ಬಾವುಟ ಮುಂದಕ್ಕೆ!"

ನಗಾರಿ ಬಡಿಯಿತು. ಸೈನ್ಯ ಬುಗುರಿಯ ಮುಂದೆಯೇ ಸಾಗಿತು. ಒಬ್ಬರ ಬೂಟಿಗೆ ಹೊಲಿಗೆ. ಇನ್ನೊಬ್ಬರ ಕೋಟಿನಲ್ಲಿ ಒಂದು ಗುಂಡಿ ಮಾತ್ರ ಬೇರೆ ಬಣ್ಣ. ಮತ್ತೊಬ್ಬರ ಶಿರಸ್ತ್ರಾಣ ಒಂದು ಕಡೆ ನೆಗ್ಗಿತ್ತು. ಬುಗುರಿ ಕದಲದೆ ನಿಂತು, ಒಂದೊಂದನ್ನೂ ನೋಡುತ್ತಾ, ತನ್ನಷ್ಟಕ್ಕೇ ನಕ್ಕಳು.