ಬಿಸಿಯಾದರೆ ತಡವರಿಸುವ ಎಂಜಿನ್

"ಬೇಕಂತಲೇ ಮಾಡ್ತಿದೀರಾ ಮೇಸ್ತ್ರೀ?"

ಲಾರಿಯ ಬಾನೆಟ್ಟಿನೊಳಗೆ ಅರ್ಧ ಮುಳುಗಿದ್ದ ಮೆಕ್ಯಾನಿಕ್ ತಲೆಯೆತ್ತಿದ. ಡ್ರೈವರಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಅಪ್ಪನ ಕಣ್ಣು ಮಂಜಾದ ಮೇಲೆ ಆ ಲಾರಿ ಓಡಿಸುತ್ತಿದ್ದವಳು ಇವಳೇ. ದೂರದ ಬಂದರಿನಲ್ಲಿ ಒಂದು ವರ್ಷದ ಕೆಲಸ ಸಿಕ್ಕಿತ್ತು. ಇವತ್ತು ಮಧ್ಯಾಹ್ನದೊಳಗೆ ಹೊರಡದಿದ್ದರೆ ಅದು ಬೇರೆ ಲಾರಿಯ ಪಾಲು.

ಎಂಜಿನ್ ಪೂರ್ತಿ ಬಿಚ್ಚಿ, ಹೊಸ ಪಿಸ್ಟನ್ ಹಾಕಿ ಜೋಡಿಸಿದವನು ಅವನೇ. ಸ್ಟಾರ್ಟ್ ಮಾಡಿದಾಗ ಒಳ್ಳೇ ಮಗುವಿನಂತಿರುತ್ತಿತ್ತು. ಬಿಸಿಯಾದದ್ದೇ ತಡ, ಮೈಯೆಲ್ಲ ನಡುಗಿಸಿ ತಡವರಿಸುತ್ತಿತ್ತು. ಡೀಸೆಲ್ ಚಿಮ್ಮಿಸುವ ನಾಜಲ್ ಬದಲಿಸಿದ, ಪೈಪಿನೊಳಗಿನ ಗಾಳಿ ತೆಗೆದ, ಪಂಪಿನ ಟೈಮಿಂಗ್ ಎರಡೆರಡು ಸಲ ನೋಡಿದ. ಕಲಿತ ವಿದ್ಯೆಯೆಲ್ಲ ಕೈಕೊಟ್ಟಿತ್ತು.

ಇವಳು ಹೋಗದಿದ್ದರೆ ಸಾಕಪ್ಪಾ ಎಂದು ಮನಸ್ಸು ದಿನಕ್ಕೆ ನೂರು ಸಲ ಬೇಡುತ್ತಿದ್ದದ್ದು ನಿಜ. ಆದರೆ ಕೈ ಆ ಪಾಪ ಮಾಡಿರಲಿಲ್ಲ.

"ನನ್ನಾಣೆ, ಗೊತ್ತಾಗ್ತಿಲ್ಲ," ಎಂದ.

"ಎಂಜಿನ್ ಮೇಲೆ ಆಣೆ ಮಾಡಿ. ಅದರ ಮೇಲಾದ್ರೂ ನಿಮಗೆ ಪ್ರೀತಿ ಇದೆ."

ಅವಳು ತುಟಿ ಕೊಂಕಿಸಿದಳು.

ನಿನ್ನೆ ತಣ್ಣಗಿದ್ದಾಗ ಮಾಡಿದ್ದ ಪರೀಕ್ಷೆಯನ್ನೇ ಈಗ ಬಿಸಿ ಎಂಜಿನ್ ಮೇಲೆ ಮಾಡಿದ. ಓಡುತ್ತಿರುವಾಗಲೇ ಒಂದೊಂದೇ ಡೀಸೆಲ್ ಪೈಪಿನ ನಟ್ ಸಡಿಲಿಸಿದ. ಮೊದಲನೆಯದಕ್ಕೆ ಸದ್ದು ಕುಸಿಯಿತು, ಎರಡನೆಯದಕ್ಕೂ ಕುಸಿಯಿತು. ಮೂರನೆಯದಕ್ಕೆ ಡೀಸೆಲ್ ತಪ್ಪಿಸಿದರೂ ಸದ್ದು ಇದ್ದ ಹಾಗೇ ಇತ್ತು. ಅಂದರೆ ಆ ಸಿಲಿಂಡರ್ ಕೆಲಸವನ್ನೇ ಮಾಡುತ್ತಿರಲಿಲ್ಲ.

ಎಂಜಿನ್ ನಿಲ್ಲಿಸಿ, ಮೇಲಿನ ಮುಚ್ಚಳ ತೆಗೆದು, ವಾಲ್ವ್ ಮೇಲಿನ ಸಂದಿಗೆ ಅಳತೆಯ ತೆಳು ಪಟ್ಟಿ ತೂರಿಸಿದ. ತೂರಲಿಲ್ಲ. ವಾಲ್ವ್ ಒತ್ತುವ ಟ್ಯಾಪೆಟ್ ಬಿಗಿಯಾಗಿತ್ತು, ಬಿಸಿಗೆ ಹಿಗ್ಗಿದ ವಾಲ್ವ್ ಪೂರ್ತಿ ಮುಚ್ಚಿಕೊಳ್ಳುತ್ತಿರಲಿಲ್ಲ. ತಾನೇ ಬಿಗಿದದ್ದೆಂದು ಅದೊಂದರ ಮೇಲೆ ಅವನು ಅನುಮಾನ ಪಟ್ಟಿರಲಿಲ್ಲ.

ಅವನ ಮುಖ ಬಿಳಿಚಿಕೊಂಡಿತು. "ತಪ್ಪು ನಂದೇ. ಇದರ ಅಳತೆ ತೆಗೀತಿದ್ದಾಗ ನೀವು ಬಂದು ಊಟ ಆಯ್ತಾ ಅಂದ್ರಿ. ಅಳೀದೆ ಬಿಗಿದು ಮುಂದಿನದಕ್ಕೆ ಹೋಗ್ಬಿಟ್ಟೆ."

"ಊಟ ಆಯ್ತಾ ಅಂದಿದ್ದಕ್ಕಾ?"

"ನೀವು ಕೇಳಿದ್ದಕ್ಕೆ."

ಅವಳ ಕಿವಿಯ ತುದಿ ಕೆಂಪಾಯಿತು. ಕೋಪವೆಲ್ಲಿ ಇಳಿಯಿತೋ, ನೋಟ ಅವನ ಮಸಿ ಹಿಡಿದ ಬೆರಳುಗಳ ಮೇಲೇ ನಿಂತಿತು. ಅವನು ನಟ್ ಸಡಿಲಿಸಿ ಸರಿಯಾದ ಅಳತೆಗೆ ತಂದ. ಕೈಯಾರೆ ಅವಳನ್ನು ಕಳಿಸಿಕೊಡುವ ಕೆಲಸ ಹತ್ತು ನಿಮಿಷದಲ್ಲಿ ಮುಗಿಯಿತು.

ಎಂಜಿನ್ ಬಿಸಿಯಾಯಿತು. ಒಂದು ಸಲವೂ ತಡವರಿಸಲಿಲ್ಲ.

ಅವಳು ಸೀಟಿಗೆ ಹತ್ತಿ ಕೂತಳು. "ಇನ್ನೇನಾದ್ರೂ ಹೇಳೋದಿದೆಯಾ ಮೇಸ್ತ್ರೀ?"

"ಹೋಗ್ಬೇಡಿ ಅನ್ನೋಕೆ ನಾನ್ಯಾರು?"

"ಅಂದು ನೋಡಿ."

"ಹೋಗ್ಬೇಡಿ."

ಅವಳ ಕಣ್ಣು ತುಂಬಿತು. "ಹೋಗ್ಲೇಬೇಕು ಕಣ್ರೀ, ದುಡಿದು ಅಪ್ಪನ್ನ ಸಾಕ್ಬೇಕು. ಆದ್ರೆ ಬೇಡ ಅನ್ನೋರು ಒಬ್ಬರಿದ್ರೇನೇ ವಾಪಸ್ ಬರೋಕೆ ಮನಸ್ಸಾಗೋದು. ಒಂದು ವರ್ಷ. ಕಾಯ್ತೀರಾ?"

ಅವನು ಹೂಂ ಎಂದು ತಲೆಯಾಡಿಸಿದ.

ಲಾರಿ ತಿರುವು ದಾಟುವವರೆಗೂ ಅವನು ಕಿವಿಗೊಟ್ಟು ನಿಂತಿದ್ದ. ಎಂಜಿನ್ ಒಂದೇ ಒಂದು ಸಲ ತಡವರಿಸಬಾರದೇ ಎಂದು ಆಸೆಪಟ್ಟ. ತಡವರಿಸಲಿಲ್ಲ. ಅಷ್ಟು ಚೆನ್ನಾಗಿ ರಿಪೇರಿ ಮಾಡಿದ್ದ.