ಬ್ಯಾಟರಿಗೆ ಬೋರ್ ನೀರು

"ಎಲ್ಲಾ ನಿನ್ನಿಂದೇ ಆಗ್ಯಾದ," ಎಂದಳು ಪೂನಮ್ ಶೈಸ್ತಾಳಿಗೆ, ಅಪ್ಪನ ಎದುರಿಗೇ. "ದಿನಾ ಬಂದು ಮೊಬೈಲ್ ಚಾರ್ಜಿಗಿ ಹಚ್ಚತಿ. ನಮ್ಮ ಬ್ಯಾಟರಿ ಕೆಟ್ಟೇ ಹೋಯ್ತು. ನಾಳಿಂದ ಬರಬ್ಯಾಡ."

ಕರೆಂಟ್ ಹೋದ ಸ್ವಲ್ಪ ಹೊತ್ತಿಗೇ ಇನ್ವರ್ಟರ್ ಕುಂಯ್ ಎಂದು ನಿಂತುಬಿಟ್ಟಿತ್ತು. ಪಕ್ಕದ ಮನೆಯ ಶೈಸ್ತಾ ಮೊಬೈಲ್ ಟಾರ್ಚ್ ಹಚ್ಚಿ ಪುಸ್ತಕ ಎತ್ತಿಕೊಂಡಳು. ಬಾಗಿಲ ಬಳಿಯ ನೀರಿನ ಕೊಡವನ್ನು ಒಮ್ಮೆ ನೋಡಿ, ಮನೆಗೆ ಹೋದಳು. ಇಬ್ಬರಿಗೂ ಸೋಮವಾರವೇ ಪರೀಕ್ಷೆ ಇತ್ತು.

ಶಹಾಬಾದದ ಆ ಗಲ್ಲಿಯಲ್ಲಿ ಇನ್ವರ್ಟರ್ ಇದ್ದದ್ದು ಪೂನಮ್ ಮನೆಯಲ್ಲಿ ಮಾತ್ರ. ಅದಕ್ಕೆ ಅವಳ ಜಂಬ ನೋಡಬೇಕು! ಕರೆಂಟನ್ನು ತಾನೇ ಕಂಡುಹಿಡಿದವಳ ಹಾಗೆ ಆಡುತ್ತಿದ್ದಳು. ಬ್ಯಾಟರಿ ಮುಟ್ಟಬೇಡ ಎಂದು ಅಪ್ಪ ಹೇಳಿದ್ದರೂ, ದೀಪಾವಳಿ ರಜೆಯಲ್ಲಿ ನೀರು ಇಳಿದಿದೆ ಎಂದು ತಾನೇ ಮುಚ್ಚಳ ತೆಗೆದು, ಅದೇ ಕೊಡದ ಬೋರ್ ನೀರನ್ನು ಸುರಿದಿದ್ದಳು. ಇದಕ್ಕೆ ಅಂಗಡಿಯ ನೀರೇ ಬೇಕಲ್ಲವೇ ಎಂದು ಶೈಸ್ತಾ ಕೇಳಿದಾಗ ಮೂಗು ಮುರಿದಿದ್ದಳು. "ನೀರಂದ್ರ ನೀರು. ನಿಮ್ಮ ಮನ್ಯಾಗ ಇನ್ವರ್ಟರ್ ಅದೇನು, ನಿನಗ ಗೊತ್ತಿರಲಿಕ್ಕ?"

ಈ ಜಾಣೆಗೆ ಅದೆಲ್ಲ ಮರೆತೇ ಹೋಗಿತ್ತು.

ಬೆಳಿಗ್ಗೆ ಅಪ್ಪ ರಬ್ಬರ್ ಗ್ಲೌಸ್ ಹಾಕಿಕೊಂಡು ಬ್ಯಾಟರಿಯ ಮುಚ್ಚಳ ತೆಗೆದರು. ಒಳಗಿನ ಸೀಸದ ತಗಡುಗಳ ಮೇಲೆ ಬೆಳ್ಳನೆಯ ಪದರ ಕೂತಿತ್ತು.

"ಇದರಾಗ ಬೋರ್ ನೀರು ಹಾಕಿದವರು ಯಾರು?"

ಪೂನಮ್ ಮತ್ತೆ ಶೈಸ್ತಾಳ ಚಾರ್ಜರ್ ಪುರಾಣ ತೆಗೆದಳು. ಅಪ್ಪ ನಕ್ಕುಬಿಟ್ಟರು. ಬ್ಯಾಟರಿ ಕರೆಂಟ್ ಕೊಡುವಾಗ ಅದರ ಆಸಿಡ್ ಸೀಸದ ತಗಡಿಗೆ ಸೇರಿಕೊಳ್ಳುತ್ತದಂತೆ. ಚಾರ್ಜ್ ಮಾಡಿದರೆ ತಗಡು ಬಿಟ್ಟು ಮತ್ತೆ ನೀರಿಗೆ ಬರುತ್ತದಂತೆ. ಆಟೋ, ಟ್ರ್ಯಾಕ್ಟರಿನ ಬ್ಯಾಟರಿಯೂ ಹಾಗೆಯೇ. ಖಾಲಿಯಾಗುವುದು, ತುಂಬುವುದು ಅದರ ದಿನದ ಕೆಲಸ. ಚಾರ್ಜ್ ಆಗುವಾಗ ಸ್ವಲ್ಪ ನೀರು ಕಡಿಮೆಯಾದರೆ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ ಹಾಕಬೇಕು, ಅಷ್ಟೇ.

"ಒಂದು ಮೊಬೈಲಿಗಿ ಇಷ್ಟು ದೊಡ್ಡ ಬ್ಯಾಟರಿ ಸಾಯ್ತದೇನು?" ಎನ್ನುತ್ತ ಅಪ್ಪ ಕೊಡದ ಒಳಗಿನ ಬಿಳಿ ಪದರದತ್ತ ಬೆರಳು ತೋರಿಸಿದರು. "ನಮ್ಮೂರ ಕಲ್ಲಿನ ಸುಣ್ಣೆಲ್ಲಾ ಈ ನೀರಾಗೇ ಅದ. ಹೆಂಗ ಹತ್ಯಾದ ನೋಡು. ಅದೇ ತಗಡಿಗೂ ಹತ್ತಿ ಬ್ಯಾಟರಿ ಕೆಡಿಸ್ಯಾದ."

ಶೈಸ್ತಾ ನಿನ್ನೆ ನೋಡಿದ್ದು ಇದೇ ಕೊಡವನ್ನು. ಪೂನಮ್‌ಗೆ ದೀಪಾವಳಿ ರಜೆಯ ಆ ದಿನ ನೆನಪಾಯಿತು.

"ನಾನೇ ಹಾಕೀನಿ," ಎಂದಳು.

ಸಂಜೆ ಮತ್ತೆ ಕರೆಂಟ್ ಹೋಯಿತು. ಪೂನಮ್ ಪುಸ್ತಕ ಹಿಡಿದು ಪಕ್ಕದ ಮನೆಯ ಕಟ್ಟೆಗೆ ಹೋದಳು. ಶೈಸ್ತಾ ಮೊಬೈಲ್ ಟಾರ್ಚಿನ ಬೆಳಕಿನಲ್ಲಿ ಓದುತ್ತಿದ್ದಳು.

"ಬ್ಯಾಟರಿ ನಾನೇ ಕೆಡಿಸೀನಿ."

"ಗೊತ್ತದ."

"ಮತ್ತ ನಿನ್ನೆ ಅಪ್ಪನ ಮುಂದ ಯಾಕ ಹೇಳಲಿಲ್ಲ?"

ಶೈಸ್ತಾಳ ಮೊಬೈಲಿನಲ್ಲಿ ಚಾರ್ಜ್ ಹೆಚ್ಚು ಉಳಿದಿರಲಿಲ್ಲ. ಆದರೂ ಅವಳು ಅದನ್ನು ಇಬ್ಬರ ನಡುವೆ ಇಟ್ಟು, ಸ್ವಲ್ಪ ಸರಿದು ಜಾಗ ಮಾಡಿದಳು.

ಪೂನಮ್ ಕುಳಿತಳು. ತನ್ನ ಪುಸ್ತಕ ತೆರೆಯಲಿಲ್ಲ. ಮೊಬೈಲನ್ನು ಕೈಗೆತ್ತಿಕೊಂಡು, ಬೆಳಕು ಪೂರ್ತಿ ಶೈಸ್ತಾಳ ಪುಟದ ಮೇಲೆ ಬೀಳುವಂತೆ ಹಿಡಿದಳು.